ಸಿಮ್ಮಮ್ಮ ವೇದಿಕೆಯ ಮೇಲೆ ಹಾಲು ಕಾಯಿಸಿದ್ದು

ನನ್ನ ಓರಗಿತ್ತಿಯ ಕೈಯಲ್ಲಿ ಹಾಲು ಉಕ್ಕಿದ್ದನ್ನು ಕಂಡವರು ಯಾರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ನನ್ನದು ಹಾಗಲ್ಲ. ಹಾಲಿಟ್ಟು ಕಿಟಕಿಯ ಹತ್ತಿರ ಹೋದೆನೋ, ಆಚೆಯಿಂದ ಯಾರಾದರೂ “ಏನ್ರೀ, ಅಡುಗೆ ಆಯ್ತಾ?” ಅಂದರೋ, ಮುಗಿಯಿತು. ಅರ್ಧ ಹಾಲು ಮನೆಯವರಿಗೆ, ಅರ್ಧ ಒಲೆಗೆ. ನನ್ನ ಗಂಡ ಇದ್ದಾಗ ಹೇಳುತ್ತಿದ್ದರು, “ನಮ್ಮ ಮನೇಲಿ ಹಾಲು ಕುಡ್ದು ದಪ್ಪ ಆಗಿರೋದು ಒಲೆ ಒಂದೇ” ಅಂತ.

ಅವಳು ಹಾಲಿಟ್ಟು ಬೆನ್ನು ತಿರುಗಿಸಿ ಲೋಟ ತೊಳೆಯುತ್ತಿರಲಿ, ಕೂತಲ್ಲೇ ತೂಕಡಿಸುತ್ತಿರಲಿ, ಹಾಲು ಪಾತ್ರೆಯ ಕಂಠಕ್ಕೆ ಬರುವಷ್ಟರಲ್ಲಿ ಅವಳ ಕೈ ಹೋಗಿ ಉರಿ ತಗ್ಗಿಸಿರುತ್ತದೆ. ಕೈ ಹೋಗಿದ್ದು ಅವಳಿಗೇ ಗೊತ್ತಾಗುವುದಿಲ್ಲ. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ. “ಈಗ ಉರಿ ಸಣ್ಣ ಮಾಡಿದ್ಯಲ್ಲ, ಹೇಗೆ ಗೊತ್ತಾಯ್ತೇ ನಿನಗೆ?” ಅಂತ ಕೇಳಿದರೆ, ಕಣ್ಣು ಪಿಳಿಪಿಳಿ ಬಿಟ್ಟು “ನಾನಾ? ಇಲ್ವಲ್ಲಕ್ಕಾ” ಅಂದಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಇವಳದು ಏನನ್ನೂ ಸುಡಗೊಡದ ಗುಣ.

ಅವಳು ಕೆಲಸ ಮಾಡಿದ್ದು ಬಸ್ ಡಿಪೋದ ಕ್ಯಾಂಟೀನಿನಲ್ಲಿ. ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಬಸ್ಸು ರಿಪೇರಿಯ ಶೆಡ್ಡು. ದಿನವಿಡೀ ತಗಡು ಬಡಿಯುವುದು, ಎಂಜಿನ್ನು ಗುರುಗುಟ್ಟುವುದು, ಬ್ರೇಕಿನ ಗಾಳಿ ಬುಸ್ಸೆನ್ನುವುದು, ಮಧ್ಯೆ ಕಂಡಕ್ಟರುಗಳ ಜಗಳ. ಅಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಇವಳು ಹೇಳಿಕೊಡುತ್ತಿದ್ದ ಪಾಠ ಒಂದೇ, ಉರಿ ಸಣ್ಣ ಮಾಡು ಅನ್ನುವುದು: “ಸಿಮ್‌ನಲ್ಲಿಡು.” ಪಲ್ಯ ಸೀಯುತ್ತಿದೆ ಅಂದರೂ ಅದೇ, ಇಬ್ಬರು ಡ್ರೈವರು ಕೊರಳಪಟ್ಟಿ ಹಿಡಿದುಕೊಂಡರೂ ಅದೇ. ಕೌಂಟರಿನ ಹಿಂದಿನಿಂದ “ಸ್ವಲ್ಪ ಸಿಮ್‌ನಲ್ಲಿಡ್ರಪ್ಪ” ಅನ್ನುತ್ತಿದ್ದಳು, ಅವರು ನಕ್ಕು ಕೈ ಬಿಡುತ್ತಿದ್ದರು. ಹಾಗೇ ಡಿಪೋದವರ ಬಾಯಲ್ಲಿ ಸಿಮ್ಮಮ್ಮ ಆದಳು. ಈಗ ಅವಳ ಹುಟ್ಟುಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ.

ದುಃಖವನ್ನೂ ಹಾಗೇ ಇಟ್ಟುಕೊಂಡವಳು. ನನ್ನ ಮೈದುನ, ಅಂದರೆ ಅವಳ ಗಂಡ, ಅದೇ ಡಿಪೋದಲ್ಲಿ ಮೆಕ್ಯಾನಿಕ್ಕು. ಮಗಳು ಇನ್ನೂ ಚಿಕ್ಕವಳಿದ್ದಾಗ ಹೋಗಿಬಿಟ್ಟ. ಮನೆ ತುಂಬ ನಾವೆಲ್ಲ ಎದೆ ಬಡಿದುಕೊಂಡು ಅಳುತ್ತಿದ್ದೆವು. ಇವಳು ಬಂದವರು ಕುಡಿದಿಟ್ಟ ಲೋಟಗಳನ್ನು ಒಂದೊಂದಾಗಿ ತೊಳೆದು ಬೋರಲು ಹಾಕುತ್ತಿದ್ದಳು. ಕಲ್ಲು ಮನಸ್ಸಿನವಳು ಅಂದವರೂ ಇದ್ದರು. ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಉರಿ ಆರಿರಲಿಲ್ಲ, ತಗ್ಗಿಸಿಟ್ಟಿದ್ದಳು ಅಷ್ಟೆ. ಆಮೇಲೆ ಡಿಪೋದವರು ಕ್ಯಾಂಟೀನಿನಲ್ಲಿ ಕೆಲಸ ಕೊಟ್ಟರು.

ಮಗಳು ಮಾತ್ರ ಇದಕ್ಕೆ ತದ್ವಿರುದ್ಧ. ಹುಟ್ಟುವಾಗಲೇ ವಾರ್ಡಿನವರೆಲ್ಲ ಎದ್ದು ಕೂರುವ ಹಾಗೆ ಕಿರುಚಿಕೊಂಡು ಹುಟ್ಟಿತು. ಕೂಸಿದ್ದಾಗ ಸಿಮ್ಮಮ್ಮ ಬಟ್ಟಲಿನ ಹಾಲಿಗೆ ‘ಉಫ್’ ಅಂತ ಊದಿ ಕುಡಿಸಲು ಹೋದರೆ, ಅದೂ ತುಟಿ ಮುಂದೆ ಮಾಡಿ ‘ಉಫ್’ ಅನ್ನುತ್ತಿತ್ತು. ಹಾಲೆಲ್ಲ ಇವಳ ಮುಖಕ್ಕೆ. ಮುಖ ಒರೆಸಿಕೊಂಡು ಮತ್ತೆ ಊದುವುದು, ಅದೂ ಮತ್ತೆ ಊದುವುದು. ಒಂದು ಬಟ್ಟಲು ಹಾಲು ಮುಗಿಯುವುದರೊಳಗೆ ನನ್ನ ಇಡೀ ಮನೆಯ ಬಟ್ಟೆ ಒಗೆದಾಗಿರುತ್ತಿತ್ತು.

ಊದುವ ಬಾಯಿ ಅಂತ ಅವತ್ತೇ ಗೊತ್ತಾಗಬೇಕಿತ್ತು. ಶಾಲೆಯ ಬ್ಯಾಂಡಿನಲ್ಲಿ ಯಾವುದೋ ಕಪ್ಪು ಕೊಳವೆ ಊದಲು ಕಲಿತಳು, ಆಮೇಲೆ ಸ್ಯಾಕ್ಸೊಫೋನ್ ಹಿಡಿದಳು. ಡಿಪೋದ ವಾರ್ಷಿಕೋತ್ಸವದಲ್ಲಿ ನಿಂತು ಸಿನಿಮಾ ಹಾಡು ನುಡಿಸಿದಾಗ ಸಿಮ್ಮಮ್ಮ ಕೌಂಟರಿನ ಹಿಂದೆ ಒಂದೇ ಲೋಟವನ್ನು ಹಾಡು ಮುಗಿಯುವ ತನಕ ಒರೆಸಿದಳು. ಅದು ಅವಳ ಚಪ್ಪಾಳೆ.

ಆಮೇಲೆ ಮಗಳು ಜಾಝ್ ಅಂದಳು. ಆಗಲಿ, ಅದರಲ್ಲೂ ತಲೆದೂಗುವ ಹಾಗಿರುವುದು ಇದೆಯಂತೆ. ಇವಳು ಹಿಡಿದದ್ದು ಅದನ್ನೂ ದಾಟಿ ಹೋದ ಇನ್ನೊಂದು. ರಾಗವಿಲ್ಲ, ಪಲ್ಲವಿಯಿಲ್ಲ, ಕಾಲು ಕುಣಿಸೋಣ ಅಂದರೆ ತಾಳ ಎಲ್ಲಿ ಅಡಗಿದೆಯೋ ಸಿಗುವುದಿಲ್ಲ. ನಾನೇ ಒಂದು ದಿನ ಕೇಳಿದೆ.

“ಅಲ್ಲ ಕಣೇ, ಏನು ನುಡಿಸ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರಲ್ವಾ ನೀವು?”

“ಇಲ್ಲ ದೊಡ್ಡಮ್ಮ. ಒಬ್ಬರು ಶುರು ಮಾಡ್ತಾರೆ, ಇನ್ನೊಬ್ಬರು ಅದನ್ನ ಕೇಳ್ಕೊಂಡು ಏನೋ ಅಂತಾರೆ, ಮತ್ತೊಬ್ಬರು ಅಡ್ಡ ಬರ್ತಾರೆ. ಎಲ್ಲಿಗೆ ಹೋಗತ್ತೆ ಅಂತ ನಮಗೂ ಗೊತ್ತಿರಲ್ಲ.”

“ಹರಟೆ ಹೊಡೀತೀವಿ ಅನ್ನು. ಅದನ್ನ ನಾನು ಕಿಟಕಿ ಹತ್ರ ನಿಂತು ದಿನಾ ಮಾಡ್ತೀನಲ್ಲ.”

“ಅದೇ ದೊಡ್ಡಮ್ಮಾ! ಅದೇ!” ಅಂತ ನನ್ನ ಕೆನ್ನೆ ಹಿಂಡಿದಳು. ನಾನು ತಮಾಷೆಗೆ ಅಂದದ್ದು.

ಸಿಮ್ಮಮ್ಮನನ್ನು ನಾನು ಮೊದಲ ಸಲ ಅದನ್ನು ಕೇಳಲು ಕರೆದುಕೊಂಡು ಹೋಗಿದ್ದು ಒಂದು ಮೋಟಾರು ಗ್ಯಾರೇಜಿನ ಮೇಲಿನ ಕೋಣೆಗೆ. ಮಡಚುವ ಕುರ್ಚಿ, ಗೋಡೆಗೆ ಗ್ರೀಸಿನ ವಾಸನೆ. ನಾವಿಬ್ಬರೂ ಮುಂದಿನ ಸಾಲಿನಲ್ಲೇ ಕೂತೆವು. ಮಗಳು ಊದತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ, ಆಮೇಲೆ ಅದು ಊದಿದ ಸ್ವರ ಅನ್ನಿಸಲಿಲ್ಲ, ಕೊರಳು ಸಿಕ್ಕಿಕೊಂಡು ಚೀರುವ ಹಾಗೆ ಕೇಳಿಸಿತು. ಅವಳ ಮುಖ ಕೆಂಪಾಯಿತು, ಕತ್ತಿನ ನರ ಎದ್ದವು, ಕಣ್ಣಲ್ಲಿ ನೀರು. ನಾನು ಕಿವಿ ಮುಚ್ಚಿಕೊಳ್ಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಪಕ್ಕದ ಕುರ್ಚಿ ನೋಡಿದರೆ ಖಾಲಿ.

ಸಿಮ್ಮಮ್ಮ ವೇದಿಕೆಯ ಮೇಲಿದ್ದಳು. ಮಗಳಿಗೆ ಏನೋ ಗಂಟಲಲ್ಲಿ ಸಿಕ್ಕಿಕೊಂಡಿದೆ ಅಂತ ತಿಳಿದು ಅವಳ ಬೆನ್ನಿಗೆ ದಬದಬ ಗುದ್ದುತ್ತಿದ್ದಳು. “ಉಗುಳು, ಉಗುಳು ಮರಿ” ಅನ್ನುತ್ತಿದ್ದಳು. ಇನ್ನೊಂದು ಕೈಯಲ್ಲಿ ಚೀಲದಿಂದ ತೆಗೆದ ನೀರಿನ ಬಾಟಲಿ.

ಜನ ಬಿದ್ದು ಬಿದ್ದು ನಕ್ಕರು. ಇದೂ ಕಾರ್ಯಕ್ರಮದ್ದೇ ಭಾಗ ಅಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು. ಮಗಳು ವಾದ್ಯ ಕೆಳಗಿಟ್ಟು ಮುಖ ಆಚೆ ತಿರುಗಿಸಿದಳು. ಮೆಟ್ಟಿಲಿಳಿಯುವಾಗ, “ಎಲ್ರ ಮುಂದೆ ನನ್ನ ಮಾನ ಕಳೆದೆ ಅಮ್ಮ” ಅಂದಳು. ಸಿಮ್ಮಮ್ಮ ಬಾಟಲಿಯ ಮುಚ್ಚಳ ಹಾಕಿಕೊಂಡಳು, ಅಷ್ಟೆ.

ಅಲ್ಲಿಂದ ವರ್ಷಗಟ್ಟಲೆ ಆ ವಿಷಯಕ್ಕೆ ಬೀಗ. ಜಗಳವಿಲ್ಲ, ಅದೇ ದೊಡ್ಡ ಕಷ್ಟ. ಮಗಳು ಊರಲ್ಲೇ ಬೇರೆ ಕೋಣೆ ಮಾಡಿಕೊಂಡಿದ್ದಳು. ಪ್ರತಿ ಭಾನುವಾರ ಬರುವಳು, ಉಣ್ಣುವಳು, ಗ್ಯಾಸು ಯಾವಾಗ ಬರುತ್ತೆ, ಸೋಪು ಯಾವುದು ತರಲಿ ಅನ್ನುವ ಮಾತಾಗುವುದು. ಸ್ಯಾಕ್ಸೊಫೋನಿನ ಪೆಟ್ಟಿಗೆ ಬಾಗಿಲ ಹಿಂದೆ ನಿಂತಿರುವುದು, ಮನೆಗೆ ಬಂದ ನೆಂಟನನ್ನು ಯಾರೂ ಮಾತಾಡಿಸದೆ ನಿಲ್ಲಿಸಿದ ಹಾಗೆ. ಇವಳು ಕಸ ಗುಡಿಸುವಾಗ ಅದನ್ನು ಸುತ್ತಿಕೊಂಡು ಗುಡಿಸುವಳು.

ಡಿಪೋದಲ್ಲೂ ಬಿಡುತ್ತಿರಲಿಲ್ಲ. ಒಬ್ಬ ಡ್ರೈವರು ಟೀ ಕುಡಿಯುತ್ತ, “ಸಿಮ್ಮಮ್ಮ, ನಿನ್ನ ಮಗಳು ಊದಿದ್ದು ಕೇಳ್ದೆ. ನನ್ನ ಬಸ್ಸಿನ ಬ್ರೇಕು ಅದಕ್ಕಿಂತ ಚೆನ್ನಾಗಿ ಹಾಡತ್ತೆ” ಅಂದ. ಅವತ್ತು ಅವನಿಗೆ ಸಿಕ್ಕ ಟೀಯಲ್ಲಿ ಸಕ್ಕರೆ ಇರಲಿಲ್ಲ. ಮಾರನೆಯ ದಿನವೂ ಇರಲಿಲ್ಲ. ಮಗಳ ಮೇಲೆ ಕೋಪವಿದ್ದರೆ ಹೀಗೆ ಮಾಡುತ್ತಿದ್ದಳೇ, ಹೇಳಿ.

ಹೋದ ವರ್ಷ ಮಗಳು ನನ್ನ ಮನೆಗೆ ಬಂದಳು. ಒಬ್ಬಳೇ.

“ದೊಡ್ಡಮ್ಮ, ಸಭಾಭವನದಲ್ಲಿ ನಮ್ಮ ಕಾರ್ಯಕ್ರಮ ಇದೆ. ದೊಡ್ಡ ಜಾಗ. ಹೊಸದೊಂದು ಮಾಡ್ತಿದೀವಿ. ವೇದಿಕೆ ಮೇಲೆ ಒಬ್ಬರು ಸ್ಟವ್ ಮೇಲೆ ಹಾಲಿಡ್ತಾರೆ, ನಾವು ನುಡಿಸ್ತಾ ಇರ್ತೀವಿ. ಹಾಲು ಯಾವಾಗ ಉಕ್ಕತ್ತೋ ಆಗ ನಿಲ್ಲಿಸ್ತೀವಿ. ಗಡಿಯಾರ ಇಲ್ಲ, ಏನಿಲ್ಲ. ಹಾಲೇ ಗಡಿಯಾರ.”

“ಯಾರಿಡ್ತಾರೆ ಹಾಲು?”

ಅವಳು ಉಗುರು ಕಚ್ಚಿದಳು. “ಅಮ್ಮ ಇಟ್ರೆ...” ಅಂದಳು. “ಕೇಳೋಕೆ ಬಾ ಅಂದ್ರೆ ಬರಲ್ಲ, ಗೊತ್ತು. ಕೆಲಸ ಇದೆ ಬಾ ಅಂದ್ರೆ ಬರಬಹುದೇನೋ. ಒಂದೇ ಒಂದು ಸಲ ನಾನು ಮಾಡೋದರ ಪಕ್ಕ ಬಂದು ಕೂತ್ರೆ ಸಾಕು ದೊಡ್ಡಮ್ಮ. ಈ ಸಲ ಬರ್ಲಿಲ್ಲ ಅಂದ್ರೆ ನಾನಿನ್ನು ಕರೆಯಲ್ಲ. ಅವಳು ಅಡುಗೆ ಮಾಡ್ತಿರ್ಲಿ, ನಾನು ಊಟ ಮಾಡ್ತೀನಿ, ಹಾಗೇ ಇರೋಣ.”

ಆ ‘ಹಾಗೇ ಇರೋಣ’ ಕೇಳಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ.

ನಾನು ಡಿಪೋಗೆ ಹೋಗಿ ಸಿಮ್ಮಮ್ಮನ ಮುಂದೆ ಕೂತು ವಿಷಯ ತೆಗೆದೆ. ಪೂರ್ತಿ ಕೇಳಿದಳು. ಕೇಳಿ ಮೂಗು ಮುರಿದಳು.

“ಹಾಲು ಉಕ್ಕಿಸೋಕೆ ನಾನ್ಯಾಕಕ್ಕಾ? ಗಮನ ಇಲ್ದೋರು ಯಾರು ಬೇಕಾದ್ರೂ ಉಕ್ಕಿಸ್ತಾರೆ. ನಿನ್ನನ್ನೇ ಕರ್ಕೊಂಡು ಹೋಗ್ಲಿ.”

“ಬಾಯಿ ಮುಚ್ಚು. ಮಗಳು ಕರೀತಿದಾಳೆ ಕಣೇ.”

“ಒಂದ್ಸಲ ಹೋಗಿ ನಗಿಸ್ಕೊಂಡು ಬಂದೆ. ಮತ್ತೆ ನಗಿಸ್ಕೊಳ್ಳೋಕೆ ಹೋಗ್ಲಾ? ನನಗೆ ಅದೆಲ್ಲ ಅರ್ಥ ಆಗಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನಾನು ಕೋಣ ಅಂತಾನೇ ಇಟ್ಕೋ, ಅದು ಕಿನ್ನರಿ ಹೌದಾ ಅಂತ ಮೊದ್ಲು ಹೇಳು.”

ನಾನು ಎದ್ದು ಹೊರಡುತ್ತ, ಸುಮ್ಮನೆ ಅಂದೆ: “ಸರಿ ಬಿಡು. ಸಭಾಭವನದ ವಾಚ್‌ಮನ್ನನ್ನ ಕೂರಿಸ್ತಾರಂತೆ. ಅವನ ಹತ್ರ ಒಂದು ತೆಳು ಪಾತ್ರೆ ಇದೆಯಂತೆ, ಅವನು ಬೆಳಿಗ್ಗೆ ಮೊಟ್ಟೆ ಬೇಯಿಸ್ಕೊಳ್ಳೋದು.”

ಅವಳ ಕೈಯಲ್ಲಿದ್ದ ಸೌಟು ನಿಂತಿತು. “ಮೊಟ್ಟೆ ಬೇಯಿಸೋ ಪಾತ್ರೇಲಿ ಹಾಲಾ?”

“ತೊಳೀತಾನೆ ಬಿಡು.”

“ಏನು ತೊಳೀತಾನೆ? ತಳ ಹಿಡಿದು ಸಭೆಯೆಲ್ಲ ಸೀದ ವಾಸನೆ ಬರತ್ತೆ. ಮಗಳು ನಿಂತು ಊದ್ತಿರ್ಬೇಕಾದ್ರೆ!” ಸೌಟು ಕೆಳಗಿಟ್ಟಳು. “ಹಾಲು ಇಟ್ಟು ಬಂದ್ಬಿಡ್ತೀನಿ. ಅಷ್ಟೇ ಮತ್ತೆ. ಚಪ್ಪಾಳೆ ಗಿಪ್ಪಾಳೆ ಎಲ್ಲ ಆಗಲ್ಲ.”

ಕಾರ್ಯಕ್ರಮದ ಭಾನುವಾರ ಮಧ್ಯಾಹ್ನ ನಾವು ಮೂವರೂ ಹೋದೆವು. ಸಿಮ್ಮಮ್ಮ ಕ್ಯಾಂಟೀನಿನ ಏಪ್ರನ್ ಹಾಕಿಕೊಂಡೇ ಬಂದಿದ್ದಳು, ತನ್ನ ದಪ್ಪ ತಳದ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೂಸಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಸಭಾಭವನದ್ದು ಮರದ ನೆಲ, ಮೇಲೆ ಎತ್ತರದಲ್ಲಿ ಕಿಟಕಿಗಳ ಸಾಲು, ಅಲ್ಲಿಂದ ಬಿಸಿಲು ಓರೆಯಾಗಿ ಬಂದು ವೇದಿಕೆಯ ಮೇಲೆ ಬಿದ್ದಿತ್ತು. ನನ್ನ ಮಂಡಿಗೆ ಆ ಕುರ್ಚಿಗಳು ಸ್ವಲ್ಪ ತಗ್ಗು. ಆದರೆ ಮಂಡಿಯ ಪುರಾಣ ಇಲ್ಲಿ ಬೇಡ, ಅದು ದೊಡ್ಡದಿದೆ.

ವೇದಿಕೆಯ ಮೇಲೆ ನಾಲ್ಕು ಜನ. ಮಗಳು. ಬೋಳುತಲೆಯ ಡ್ರಮ್ಮಿನವನು, ಅವನ ಸುತ್ತ ಡ್ರಮ್ಮಿನ ಜೊತೆಗೆ ತಗಡಿನ ಡಬ್ಬ, ಸರಪಳಿ. ಆಳೆತ್ತರದ ಪಿಟೀಲಿನಂಥದ್ದನ್ನು ತಬ್ಬಿಕೊಂಡ ಒಬ್ಬ ಉದ್ದನೆಯವನು. ನಾನು ಅವನಿಗೆ ಏಣಿ ಅಂತ ಹೆಸರಿಟ್ಟೆ. ಪಿಯಾನೋ ಹೆಂಗಸು ಅದರ ಮುಚ್ಚಳ ತೆಗೆದು ಒಳಗಿನ ತಂತಿಗಳ ಮೇಲೆ ಚಮಚ, ಬೋಲ್ಟು ಇಡುತ್ತಿದ್ದಳು. ಇವರೆಲ್ಲರ ನಡುವೆ ಒಂದು ಮೇಜು, ಮೇಜಿನ ಮೇಲೆ ಸ್ಟವ್ವು, ಪಕ್ಕದಲ್ಲಿ ಪಾತ್ರೆಯ ಕಡೆಗೇ ಬಗ್ಗಿಸಿಟ್ಟ ಒಂದು ಮೈಕು. ಸಿಮ್ಮಮ್ಮ ಹೋಗಿ ಸ್ಟೂಲಿನ ಮೇಲೆ ಕೂತಳು. ಜನರನ್ನು ನೋಡಲಿಲ್ಲ. ಹಾಲು ಸುರಿದಳು. ಉರಿ ಹಚ್ಚಿದಳು.

ಮೊದಲು ಏನೂ ಇಲ್ಲ. ಉರಿಯ ಸದ್ದು ಮಾತ್ರ ಮೈಕಿನಲ್ಲಿ, ದೂರದಲ್ಲಿ ಎಲ್ಲೋ ಗಾಳಿ ಬೀಸುವ ಹಾಗೆ. ಆಮೇಲೆ ಪಾತ್ರೆಯ ತಳದಲ್ಲಿ ಚಿಟಿಚಿಟಿ. ಆ ಚಿಟಿಚಿಟಿಯನ್ನು ಏಣಿ ಎತ್ತಿಕೊಂಡ, ತಂತಿಯ ಮೇಲೆ ಬೆರಳ ತುದಿಯಲ್ಲಿ. ಪಿಯಾನೋದವಳ ಚಮಚಗಳು ಸಣ್ಣಗೆ ನಡುಗಿದವು. ಮಗಳು ಬಂದಳು, ಎಲ್ಲೋ ಕೆಳಗಿನಿಂದ, ನೆಲದೊಳಗಿನಿಂದ ಬಂದ ಹಾಗೆ ಒಂದು ದಪ್ಪನೆಯ ಸ್ವರ. ನಾನು ಆ ಸದ್ದನ್ನು ಕಿವಿಯಿಂದ ಕೇಳಲಿಲ್ಲ. ಕುರ್ಚಿ ಕೇಳಿ ನನಗೆ ಹೇಳಿತು.

ಹಾಲಿನ ಮೇಲೆ ಕೆನೆ ಸುಕ್ಕುಗಟ್ಟಿತು, ಅಂಚಿನಲ್ಲಿ ಗುಳ್ಳೆ ಎದ್ದವು. ಇವರೂ ಎದ್ದರು. ಸರಪಳಿ, ತಗಡು, ತಂತಿ, ಹಿತ್ತಾಳೆ ಎಲ್ಲ ಒಂದರ ಮೇಲೊಂದು ಹತ್ತಿಕೊಂಡು ಬರತೊಡಗಿದವು. ಡಿಪೋದ ಬಸ್ಸುಗಳೆಲ್ಲ ಒಟ್ಟಿಗೇ ಎಂಜಿನ್ ಹಚ್ಚಿದರೆ ಹೇಗಿರುತ್ತದೆ, ಹಾಗೆ. ಆದರೆ ಆ ಬಸ್ಸುಗಳು ಒಂದನ್ನೊಂದು ಕೇಳಿಸಿಕೊಂಡು, ನೀನು ಹೋಗು, ಇಲ್ಲ ನೀನು ಹೋಗು ಅಂದರೆ ಹೇಗೆ, ಹಾಗೆ. ನನ್ನ ತೋಳಿನ ಕೂದಲು ನಿಂತವು. ಡ್ರಮ್ಮಿನವನು ಎದ್ದೇ ನಿಂತ. ಮಗಳ ಮುಖ ಕೆಂಪಾಗಿತ್ತು, ಕತ್ತಿನ ನರ ಎದ್ದಿದ್ದವು, ಅದೇ ಗ್ಯಾರೇಜಿನ ಮೇಲಿನ ಚೀರು ಬರುವುದರಲ್ಲಿತ್ತು. ಹಾಲು ಕಂಠಕ್ಕೆ ಬಂತು.

ಸಿಮ್ಮಮ್ಮನ ಕೈ ಹೋಗಿ ಉರಿ ತಗ್ಗಿಸಿತು.

ಹಾಲು ಸೊರ್ರನೆ ಇಳಿಯಿತು. ನಾಲ್ಕು ಜನರ ಸದ್ದು ಮೆಟ್ಟಿಲಿಲ್ಲದ ಕಡೆ ಕಾಲಿಟ್ಟ ಹಾಗೆ ಮುಗ್ಗರಿಸಿತು. ಡ್ರಮ್ಮಿನವನು ಎತ್ತಿದ ಕೋಲನ್ನು ಎತ್ತಿಕೊಂಡೇ ನಿಂತ. ಅಯ್ಯೋ, ಮತ್ತೆ ಹಾಳು ಮಾಡಿದಳಲ್ಲ!

ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಸದ್ದು ಯಾಕೆ ನಿಂತಿತು ಅಂತ ತಲೆಯೆತ್ತಿದಳು. ಎಲ್ಲರೂ ತನ್ನ ಕೈಯನ್ನು ನೋಡುತ್ತಿದ್ದಾರೆ. ತಾನೂ ನೋಡಿಕೊಂಡಳು. ಕೈ ಸ್ಟವ್ವಿನ ನಾಬಿನ ಮೇಲಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಮುಖ ಬೆಳ್ಳಗಾಯಿತು. ಏಪ್ರನ್ನಿಗೆ ಕೈ ಒರೆಸಿಕೊಂಡಳು, ಏಳಲು ಹೊರಟಳು, ಎದ್ದು ಹೋಗುವ ಮೊದಲು ಮಗಳ ಕಡೆ ನೋಡಿದಳು.

ಮಗಳು ಮುಖ ತಿರುಗಿಸಿರಲಿಲ್ಲ. ವಾದ್ಯ ಬಾಯಲ್ಲೇ ಇತ್ತು, ಭುಜ ಕುಲುಕುತ್ತಿತ್ತು. ನಗು ಬಂದುಬಿಟ್ಟಿತ್ತು ಅವಳಿಗೆ. ಆ ನಗು ಹೊರಗೆ ಬರಲು ಬೇರೆ ದಾರಿ ಇಲ್ಲದೆ ಸ್ಯಾಕ್ಸೊಫೋನಿನೊಳಗೇ ಇಳಿಯಿತು. ಗುಳುಗುಳು, ಗುಳುಗುಳು, ಹಿತ್ತಾಳೆ ನಕ್ಕಿತು. ಇಷ್ಟು ವಯಸ್ಸಾಯಿತು, ಹಿತ್ತಾಳೆ ನಗುವುದನ್ನು ನಾನು ಆ ತನಕ ಕೇಳಿರಲಿಲ್ಲ. ಆ ನಗುವಿಂದಲೇ ಅವಳು ಮತ್ತೆ ಶುರು ಮಾಡಿದಳು, ಕೆಳಗಿನಿಂದ, ಹಾಲು ಇದ್ದಲ್ಲಿಂದ.

ಸಿಮ್ಮಮ್ಮ ಅರ್ಧ ಎದ್ದವಳು ಕೂತಳು. ಮಗಳ ಕಡೆ ಬಗ್ಗಿ ಪಿಸುಗುಟ್ಟಿದಳು. ಎದುರಿಗೆ ಮೈಕಿರುವುದು ನೆನಪಿಲ್ಲ, ಇಡೀ ಸಭಾಭವನಕ್ಕೆ ಕೇಳಿಸಿತು:

“ಮತ್ತೆ ಜಾಸ್ತಿ ಮಾಡ್ಲಾ?”

ಜನ ನಕ್ಕರು. ಆದರೆ ಅದು ಗ್ಯಾರೇಜಿನ ನಗುವಲ್ಲ. ಪಕ್ಕದಲ್ಲಿ ಕೂತವರ ತೊಡೆ ತಟ್ಟಿ ನಗುವ ನಗು. ಮಗಳು ಹುಬ್ಬು ಮಾತ್ರ ಎತ್ತಿದಳು. ನಿನ್ನಿಷ್ಟ ಅಂತ.

ಉರಿ ಏರಿತು. ಅವರೂ ಏರಿದರು. ಹಾಲು ಕಂಠಕ್ಕೆ ಬಂತು, ಕೈ ಮತ್ತೆ ತಾನಾಗಿ ಹೋಯಿತು, ಉರಿ ಇಳಿಯಿತು. ಈ ಸಲ ಯಾರೂ ಮುಗ್ಗರಿಸಲಿಲ್ಲ, ಹಾಲಿನ ಜೊತೆಗೇ ಇಳಿದರು, ಇಳಿಯುವುದರಲ್ಲೂ ಏನೋ ಒಂದು ಚಂದ ಮಾಡಿಕೊಂಡು. ಸಿಮ್ಮಮ್ಮ ತನ್ನ ಕೈ ನೋಡಿಕೊಂಡಳು. ಅವರನ್ನು ನೋಡಿದಳು. ನಾಬನ್ನು ಒಂದು ಎಳ್ಳಿನಷ್ಟು ತಿರುಗಿಸಿದಳು, ಬೇಕಂತಲೇ. ಏಣಿಯ ಕಮಾನು ಒಂದು ಎಳ್ಳಿನಷ್ಟು ನಡುಗಿತು. ಹಿಂದಕ್ಕೆ ತಿರುಗಿಸಿದಳು. ನಡುಕ ನಿಂತಿತು. ಮತ್ತೆ ತಿರುಗಿಸಿದಳು.

ಅವಳ ಬಾಯಿ ಅರೆ ತೆರೆದಿತ್ತು. ಆ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಇಷ್ಟು ವರ್ಷ ಆ ಕೈಯ ಮಾತು ಕೇಳಿದ್ದು ಹಾಲೊಂದೇ. ಈಗ ಹಿತ್ತಾಳೆ ಕೇಳುತ್ತಿದೆ, ತಂತಿ ಕೇಳುತ್ತಿದೆ, ತಗಡು ಡಬ್ಬ ಕೇಳುತ್ತಿದೆ. ಮಗಳು ಕೇಳುತ್ತಿದ್ದಾಳೆ. ನನ್ನ ಮುಂದಿನ ಸಾಲಿನಲ್ಲಿ ಒಬ್ಬಾಕೆ ಕಣ್ಣು ಮುಚ್ಚಿ ಕೂತಿದ್ದಳು, ನಿದ್ದೆ ಹೋಗಿದ್ದಾಳೆ ಅಂತ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ನೋಡಿದರೆ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು. ಪಾಪ, ಸುಮ್ಮನೆ ಬೈದೆ.

ಕೊನೆಗೆ ಸಿಮ್ಮಮ್ಮ ಉರಿಯನ್ನು ಪೂರ್ತಿ ತಿರುಗಿಸಿದಳು. ತಿರುಗಿಸಿ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳಿಗೆ ಅದು ಎಷ್ಟು ಕಷ್ಟ ಅಂತ ಅಲ್ಲಿ ನನಗೂ ಮಗಳಿಗೂ ಮಾತ್ರ ಗೊತ್ತು. ಒಂದು ಕೈ ಇನ್ನೊಂದನ್ನು ಹಿಡಿದುಕೊಂಡಿತ್ತು, ಬಿಟ್ಟರೆ ಓಡಿಹೋಗುತ್ತದೆ ಅನ್ನುವ ಹಾಗೆ. ಹಾಲು ಕಂಠ ದಾಟಿತು. ಮಗಳ ಸ್ವರ ಚೀರಾಯಿತು, ಅದೇ ಚೀರು, ಆದರೆ ಈಗ ನನಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಹುಟ್ಟುವಾಗ ಕಿರುಚಿದ್ದು ಇದೇ ಅಲ್ಲವೇ ಅನ್ನಿಸಿತು. ಪಿಯಾನೋದವಳು ಮೊಣಕೈಯಿಂದ ಒತ್ತಿದಳು, ನೆಲದ ಹಲಗೆ ಅದುರಿತು, ಬಿಸಿಲಲ್ಲಿ ಧೂಳು ಎದ್ದು ಕುಣಿಯಿತು, ಹಾಲು ಅಂಚಿಗೆ ಬಂದು ಅಂಚಿನ ಮೇಲೆ ಗುಮ್ಮಟದ ಹಾಗೆ ಉಬ್ಬಿ ನಿಂತಿತು. ಈಗ ಉಕ್ಕಿತು. ಈಗ. ಈಗ ಮುಗಿಯಿತು.

ಸಿಮ್ಮಮ್ಮ ಬಗ್ಗಿ ಊದಿದಳು.

ಕೈ ಕಟ್ಟಿಹಾಕಿದ್ದಳು, ಬಾಯಿ ಕಟ್ಟಿರಲಿಲ್ಲ. ‘ಉಫ್’ ಅಂತ ಒಂದು ಉಸಿರು. ಪಕ್ಕದಲ್ಲೇ ಮೈಕು. ಆ ಉಸಿರು ನಾಲ್ಕೂ ಗೋಡೆಯ ಸ್ಪೀಕರಿನಿಂದ ಹೊರಬಂದು ನಮ್ಮ ತಲೆಯ ಮೇಲೆ ಹಾದು ಹೋಯಿತು, ಯಾರೋ ಒಂದು ದೊಡ್ಡ ಬಾಗಿಲು ತೆರೆದ ಹಾಗೆ. ಗುಮ್ಮಟ ಕುಸಿದು ಹಾಲು ಒಳಗಿಳಿಯಿತು.

ಮಗಳು ನುಡಿಸುವುದನ್ನು ನಿಲ್ಲಿಸಿದಳು. ಎಲ್ಲರೂ ನಿಲ್ಲಿಸಿದರು. ಆಮೇಲೆ ಅವಳು ಸ್ವರವನ್ನೇ ಬಿಟ್ಟು, ಹಿತ್ತಾಳೆಯೊಳಗೆ ಬರೀ ಉಸಿರು ಹಾಯಿಸಿದಳು. ‘ಉಫ್.’ ಅಮ್ಮನ ಉಸಿರಿನಷ್ಟೇ ಉದ್ದ.

ಸಿಮ್ಮಮ್ಮ ಬೆಚ್ಚಿ ತಲೆಯೆತ್ತಿದಳು. ಅಷ್ಟರಲ್ಲಿ ಹಾಲು ಮತ್ತೆ ಎದ್ದಿತು. ಊದಿದಳು, ಇನ್ನೂ ಸ್ವಲ್ಪ ಉದ್ದಕ್ಕೆ. ಮಗಳೂ ಊದಿದಳು, ಅಷ್ಟೇ ಉದ್ದಕ್ಕೆ. ಇವಳು ಊದಿ ನಿಲ್ಲಿಸುವುದು, ಅವಳು ಊದುವುದು. ಡ್ರಮ್ಮಿನವನು ಕೋಲು ಕೆಳಗಿಟ್ಟು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತ. ಅಷ್ಟು ದೊಡ್ಡ ಸಭಾಭವನದಲ್ಲಿ, ಅಷ್ಟು ಜನರ ನಡುವೆ, ಇಬ್ಬರು ಹೆಂಗಸರ ಉಸಿರು ಬಿಟ್ಟರೆ ಇನ್ನೇನೂ ಇಲ್ಲ. ಸಂಗೀತ ಅಂದರೆ ಏನು ಅಂತ ಯಾರಾದರೂ ನನ್ನನ್ನು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಆದರೆ ಅವತ್ತು ನಾನೂ ಉಸಿರಾಡುತ್ತಿದ್ದೇನೆ, ನನ್ನ ಅಕ್ಕಪಕ್ಕದವರೂ ಉಸಿರಾಡುತ್ತಿದ್ದಾರೆ ಅನ್ನುವುದು ಮೊದಲ ಸಲ ಕಿವಿಗೆ ಬಿತ್ತು. ಇಷ್ಟು ವರ್ಷ ಅದು ಎಲ್ಲಿತ್ತೋ.

ಮಗಳ ತುಟಿ ಬಿಳಿಚಿಕೊಂಡಿದ್ದು ಸಿಮ್ಮಮ್ಮನಿಗೆ ಕಂಡಿತು. ಕೈ ಚಾಚಿ ಸ್ಟವ್ ಆರಿಸಿದಳು. ಟಕ್.

ಅದೇ ಕೊನೆಯ ಸ್ವರ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕು ಅಂತ ಯಾರಿಗೂ ತೋಚಲಿಲ್ಲ. ಆ ಮೌನದಲ್ಲಿ ಸಿಮ್ಮಮ್ಮ ಬಟ್ಟೆ ಹಿಡಿದು ಪಾತ್ರೆ ಇಳಿಸಿ, ತನಗೆ ತಾನೇ, “ಹಾಲು ಕಾದಿದೆ” ಅಂದಳು. ಮೈಕು ಅದನ್ನೂ ಹೇಳಿತು. ಆಗ ಸಭೆ ಒಡೆಯಿತು ನೋಡಿ, ಕುರ್ಚಿಗಳು ಸರಿದವು, ಜನ ಎದ್ದು ನಿಂತರು, ಚಪ್ಪಾಳೆ ಸೂರಿಗೆ ಮುಟ್ಟಿತು. ಅವಳಿಗೆ ಅದರ ಪರಿವೆಯೇ ಇಲ್ಲ. ಲೋಟಕ್ಕೆ ಹಾಲು ಬಗ್ಗಿಸಿ ಮಗಳ ಮುಂದೆ ಹಿಡಿದಳು.

“ಬಾಯೆಲ್ಲ ಒಣಗಿದೆ. ಕುಡಿ.”

“ಅಮ್ಮ, ಎಲ್ರೂ ನೋಡ್ತಿದಾರೆ.”

“ನೋಡ್ಲಿ. ಅವರಿಗೂ ಬೇಕಾದ್ರೆ ಟೀ ಮಾಡ್ತೀನಿ, ನೀರು ಎಲ್ಲಿದೆ ಕೇಳು.”

ಮಗಳು ಅಲ್ಲೇ, ಬಿಸಿಲಲ್ಲಿ ನಿಂತು, ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದಳು.

ಮನೆಗೆ ನಡೆದುಕೊಂಡೇ ಹೋದೆವು. ಇನ್ನೂ ಬೆಳಕಿತ್ತು. ಮಗಳು ಪೆಟ್ಟಿಗೆ ಹೊತ್ತು ಮುಂದೆ, ನಾವಿಬ್ಬರು ಹಿಂದೆ. ಪಾತ್ರೆ ಸಿಮ್ಮಮ್ಮನ ಕಂಕುಳಲ್ಲಿ. ಸ್ವಲ್ಪ ದೂರ ಹೋದ ಮೇಲೆ ಅವಳು ಮೆಲ್ಲಗೆ ನನ್ನ ಕೈ ಜಗ್ಗಿ, “ಅಕ್ಕಾ, ಉಕ್ಕಬೇಕಿತ್ತಲ್ವಾ ಅದು? ನಾನು ಮತ್ತೆ ಹಾಳು ಮಾಡಿದ್ನಾ?” ಅಂತ ಕೇಳಿದಳು.

“ನನ್ನನ್ನೇನು ಕೇಳ್ತೀಯ? ಹಾಳು ಮಾಡಿಸ್ಕೊಂಡೋಳು ಮುಂದೆ ಹೋಗ್ತಿದಾಳೆ, ಅವಳನ್ನ ಕೇಳು.”

ಅವಳು ಕೇಳಲಿಲ್ಲ. ಮಗಳೇ ನಿಂತಳು, ನಾವು ಹತ್ತಿರ ಬರುವ ತನಕ. ಡಿಪೋದ ಗೇಟಿನ ಮುಂದೆ ಇದ್ದೆವು, ಒಳಗೆ ಯಾವುದೋ ಬಸ್ಸಿನ ಬ್ರೇಕು ಬುಸ್ಸೆಂದಿತು. ತಾಯಿ ಮಗಳು ಇಬ್ಬರೂ ಒಟ್ಟಿಗೇ ಆ ಕಡೆ ತಿರುಗಿದರು. ನನಗೆ ನಗು ಬಂತು.

“ಮುಂದಿನ ತಿಂಗಳು ಇನ್ನೊಂದು ಇದೆ ಅಮ್ಮ” ಅಂದಳು ಮಗಳು, ಪೆಟ್ಟಿಗೆಯ ಪಟ್ಟಿ ಸರಿ ಮಾಡಿಕೊಳ್ಳುತ್ತ, ಬೇರೆಲ್ಲೋ ನೋಡುತ್ತ.

ಸಿಮ್ಮಮ್ಮ ಪಾತ್ರೆಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದಳು. ಯೋಚನೆ ಮಾಡಿದಳು.

“ಆ ಡ್ರಮ್ಮಿನೋನಿಗೆ ಒಂದು ಮಾತು ಹೇಳಿಡು” ಅಂದಳು. “ಹಾಲಿನ್ನೂ ಕಂಠಕ್ಕೆ ಬಂದಿರಲ್ಲ, ಆಗ್ಲೇ ಎದ್ದು ನಿಂತ್ಬಿಡ್ತಾನೆ.”

“ಏನಂತ ಹೇಳ್ಲಿ?”

“ನನ್ನ ಕೈ ನೋಡೋಕೆ ಹೇಳು. ಅಲ್ಲೀ ತನಕ ಸ್ವಲ್ಪ ಸಿಮ್‌ನಲ್ಲಿರ್ಲಿ.”